ದುಬೈಗೆ ಹೊರಟಿದ್ದೀರಾ? ಮೊದಲು ಮಕ್ಕಳಿಗೆ ಹೇಳಿ

ವೀಸಾ ಕೈಗೆ ಬರುವ ತನಕ ಮಕ್ಕಳಿಗೆ ಹೇಳುವುದು ಬೇಡ ಅಂತ ನಾವಿಬ್ಬರೂ ಸುಮ್ನೆ ಇದ್ದೆವು. ಉಡುಪಿಯ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲೇ, ದೂರದ ಅತ್ತೆಯೊಬ್ಬರು ಮಗನಿಗೆ "ಏನು ಮಗಾ, ದುಬೈಗೆ ಹೋಗ್ತೀಯಂತೆ?" ಅಂದುಬಿಟ್ಟರು. ಅವನು ಹೋಳಿಗೆ ಬಿಟ್ಟು ಎದ್ದ. ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ. ಹಾಗಾಗಿ ಊರಿಗೆ ಗೊತ್ತಾಗುವ ಮೊದಲು ಮಕ್ಕಳಿಗೆ ಗೊತ್ತಾಗಲಿ. "ಇನ್ನೂ ಪಕ್ಕಾ ಆಗಿಲ್ಲ" ಅಂತಲೇ ಹೇಳಿ, ತೊಂದರೆ ಇಲ್ಲ.

ಹೇಳುವಾಗ ಬುರ್ಜ್ ಖಲೀಫಾ, ಮಾಲ್ ಅಂತ ಆಸೆ ಹುಟ್ಟಿಸಬೇಡಿ. ಅದು ಒಂದು ವಾರದ ಖುಷಿ. ಅವರ ಪ್ರಶ್ನೆಗಳೇ ಬೇರೆ: ಬೆಕ್ಕನ್ನು ಯಾರು ನೋಡ್ಕೊಳ್ತಾರೆ, ಸೈಕಲ್ ಯಾರಿಗೆ, ಅಷ್ಟಮಿಗೆ ಬರ್ತೇವಾ? ಬರಲಿಕ್ಕೆ ಆಗುವುದಿಲ್ಲ ಅಂತಿದ್ದರೆ ಆಗುವುದಿಲ್ಲ ಅಂತಲೇ ಹೇಳಿ. ಸೈಕಲನ್ನು ಮಗು ಶಾಲೆಗೆ ಹೋದ ಹೊತ್ತಿನಲ್ಲಿ ಮಾರಬೇಡಿ, ಯಾರಿಗೆ ಕೊಡಬೇಕು ಅಂತ ಅವರೇ ಹೇಳಲಿ. ಬೆಕ್ಕನ್ನು ನಾವು ಹೊರಡುವ ಹದಿನೈದು ದಿನ ಮೊದಲೇ ಅಜ್ಜಿ ಮನೆಗೆ ಬಿಟ್ಟೆವು, ಅದು ಅಲ್ಲಿ ಒಲೆ ಪಕ್ಕ ಮಲಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮಗಳ ಅಳು ನಿಂತದ್ದು.

ಕಾಗದಪತ್ರದ ಕೆಲಸ ಬೇಗ ಶುರು ಮಾಡಿ. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷಕ್ಕೆ ಮಾತ್ರ, ಅವಧಿ ನೋಡಿಕೊಳ್ಳಿ. ಟಿಸಿಗೆ ಶಿಕ್ಷಣ ಇಲಾಖೆಯ ಸಹಿ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಅಂತ ಅಟೆಸ್ಟೇಶನ್ ಓಡಾಟ, ಅಂದ್ರೆ ಕಾಗದ ಅಸಲಿ ಅಂತ ಮೊಹರು ಹಾಕಿಸುವ ಕೆಲಸ, ಇರುತ್ತದೆ. ಯಾವುದೆಲ್ಲ ಬೇಕು ಅಂತ ಸೇರುವ ಶಾಲೆಯನ್ನೇ ಕೇಳಿ. ಇನ್ನೊಂದು, ಅಲ್ಲಿಯ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲೇ ಶುರು. ನಮ್ಮ ಹಾಗೆ ಜೂನ್ ಲೆಕ್ಕ ಹಾಕಿಕೊಂಡು ಹೋದರೆ ಪಾಠವೂ ಮುಂದೆ ಹೋಗಿರುತ್ತದೆ, ಗೆಳೆಯರ ಗುಂಪೂ ಕಟ್ಟಿಕೊಂಡಿರುತ್ತದೆ. ಅದರ ಮೇಲೆ ಬಿಸಿಲು. ಇಲ್ಲಿ ಜೂನ್ ಅಂದ್ರೆ ಜಡಿಮಳೆ, ಅಲ್ಲಿ 40 ಡಿಗ್ರಿ ದಾಟಿರುತ್ತದೆ, ಕತ್ತಲಾಗುವ ತನಕ ಮಕ್ಕಳನ್ನು ಹೊರಗೆ ಬಿಡಲಿಕ್ಕೇ ಆಗುವುದಿಲ್ಲ. ಸಾಧ್ಯವಾದರೆ ಮಾರ್ಚ್ ಕೊನೆಗೆ ಹೋಗಿ.

ಅರೇಬಿಕ್ ಕಲಿಯಬೇಕು ಅಂತ ಹೆದರಬೇಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಅಂತ ಬೆಳೆದ ಮಕ್ಕಳಿಗೆ ಅದೊಂದು ಲೆಕ್ಕವಾ? ನನಗೆ ಕನ್ನಡ ಓದುವುದು ತಪ್ಪಿಹೋಗುತ್ತದೆ ಅನ್ನುವ ಚಿಂತೆಯೇ ಜಾಸ್ತಿ ಇತ್ತು, ಒಂದಷ್ಟು ಕತೆ ಪುಸ್ತಕ ತುಂಬಿಕೊಂಡೆ.

ಒಂದು ಚೀಲ ಪೂರ್ತಿ ಮಕ್ಕಳದ್ದೇ ಇರಲಿ, ಏನು ತುಂಬುತ್ತಾರೋ ತುಂಬಲಿ. ನನ್ನ ಮಗ ಹುಲಿವೇಷದ ಮುಖವಾಡ ತಂದ, ಅರ್ಧ ಚೀಲ ಅದೇ ತಿಂದಿತು, ಇವರು ಬಜ್ಪೆ ವಿಮಾನ ನಿಲ್ದಾಣ ತಲುಪುವ ತನಕ ಗೊಣಗಿದರು. ಗೊಣಗಲಿ. ಆದರೆ ಅಜ್ಜಿ ಕಟ್ಟಿಕೊಡುವ ಉಂಡೆ, ಮಸಾಲೆ ಪುಡಿಯಲ್ಲಿ ಗಸಗಸೆ ಇದೆಯಾ ಅಂತ ಖಂಡಿತ ಕೇಳಿ. ಯುಎಇಯಲ್ಲಿ ಗಸಗಸೆ ನಿಷೇಧ, ತಮಾಷೆ ಅಲ್ಲ.

ಮತ್ತೆ, ಅಜ್ಜಿಗೆ ವಿಡಿಯೊ ಕಾಲ್ ಕಲಿಸುವುದನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳಬೇಡಿ. ಒಂದು ತಿಂಗಳು ಮೊದಲೇ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಮಾಡಿಸಿ, ಮಕ್ಕಳೇ ಕಲಿಸಲಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಊರಿನಲ್ಲಿ ರಾತ್ರಿ ಎಂಟಾದಾಗ ಅಲ್ಲಿ ಆರೂವರೆ, ಇಬ್ಬರಿಗೂ ಪುರುಸೊತ್ತಿನ ಹೊತ್ತು. ನಮ್ಮ ಅತ್ತೆ ಇವತ್ತಿಗೂ ಅವರ ಹಣೆ ಮಾತ್ರ ತೋರಿಸುತ್ತಾರೆ, ಬೆಕ್ಕನ್ನು ಸರಿಯಾಗಿ ತೋರಿಸುತ್ತಾರೆ.