8ರಿಂದ 10ನೇ ತರಗತಿ: ಹೆಣ್ಣುಮಕ್ಕಳ ವಿಜ್ಞಾನ ಕಲಿಕೆಗೆ ಚಿತ್ರದುರ್ಗ ಜಿಲ್ಲೆಯ ಪೋಷಕರೂ ಶಿಕ್ಷಕರೂ ಮಾಡಬೇಕಾದ ಕೆಲಸಗಳು

ಹತ್ತನೇ ತರಗತಿಯಲ್ಲಿ ಓಮ್ ನಿಯಮದ ಪ್ರಯೋಗ ನಡೆಯುವಾಗ ಮೇಜಿನ ಸುತ್ತ ಯಾರ ಕೈಯಲ್ಲಿ ಏನಿದೆ ಎಂದು ಗಮನಿಸಿ ನೋಡಿ. ಎಷ್ಟೋ ಕಡೆ ತಂತಿ ಜೋಡಿಸುವವನೂ ಅಮ್ಮೀಟರಿನ ಮುಳ್ಳು ಓದುವವನೂ ಹುಡುಗನೇ ಆಗಿರುತ್ತಾನೆ. ಅವನು ಹೇಳಿದ ಅಂಕಿಗಳನ್ನು ದುಂಡಾದ ಅಕ್ಷರಗಳಲ್ಲಿ ಕೋಷ್ಟಕಕ್ಕೆ ಇಳಿಸುವ ಕೆಲಸ ಮಾತ್ರ ಹುಡುಗಿಯ ಪಾಲಿಗೆ ಬರುತ್ತದೆ. ಅವಳ ರೆಕಾರ್ಡ್ ಪುಸ್ತಕಕ್ಕೆ ಪೂರ್ಣ ಅಂಕ ಸಿಗುತ್ತದೆ, ಆದರೆ ಉಪಕರಣ ಅವಳ ಕೈಗೆ ಬಂದಿರುವುದಿಲ್ಲ. ಹೆಣ್ಣುಮಕ್ಕಳಿಗೆ ವಿಜ್ಞಾನದಲ್ಲಿ ಆಸಕ್ತಿ ಕಡಿಮೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಉಪಕರಣ ಕೈಗೆ ಸಿಗದಿರುವುದು, ಅರ್ಜಿಗಳ ಗಡುವು ಮೀರುವುದು, ಇವೆರಡೇ ಅವರನ್ನು ಹೆಚ್ಚಾಗಿ ಹಿಂದಕ್ಕೆ ತಳ್ಳುತ್ತವೆ, ಮತ್ತು ಇವೆರಡನ್ನೂ ಸರಿಪಡಿಸುವುದು ದೊಡ್ಡವರ ಕೈಯಲ್ಲಿದೆ.

ಶಿಕ್ಷಕರು ಮೊದಲು ಮಾಡಬೇಕಾದದ್ದು ಸರದಿಯನ್ನು ಗೊತ್ತುಪಡಿಸುವುದು. ನಾಲ್ವರ ಗುಂಪಿನಲ್ಲಿ ಒಬ್ಬರು ವಿದ್ಯುತ್ ಮಂಡಲ ಜೋಡಿಸಲಿ, ಒಬ್ಬರು ಅಳತೆ ಓದಲಿ, ಒಬ್ಬರು ಬರೆದುಕೊಳ್ಳಲಿ, ಇನ್ನೊಬ್ಬರು ನಕ್ಷೆ ಎಳೆಯಲಿ. ಮುಂದಿನ ಪ್ರಯೋಗಕ್ಕೆ ಎಲ್ಲರ ಕೆಲಸವೂ ಬದಲಾಗಲಿ. ಮಂಡಲದಲ್ಲಿ ಒಂದು ಜೋಡಣೆಯನ್ನು ಬೇಕೆಂದೇ ಸಡಿಲ ಬಿಟ್ಟು, ವಿದ್ಯುತ್ ಏಕೆ ಹರಿಯುತ್ತಿಲ್ಲ ಎಂದು ಹುಡುಗಿಯರೇ ಹುಡುಕುವಂತೆ ಮಾಡುವುದು ಇನ್ನೂ ಒಳ್ಳೆಯದು. ಮುಟ್ಟಿನ ದಿನಗಳಲ್ಲಿ ಅಥವಾ ಮನೆಗೆಲಸದ ಕಾರಣಕ್ಕೆ ಒಬ್ಬಳು ಪ್ರಯೋಗದ ದಿನವೇ ಗೈರಾದರೆ, ಗೆಳತಿಯ ಪುಸ್ತಕ ನೋಡಿ ಬರೆದುಕೊಳ್ಳಲು ಹೇಳದೆ ಆ ಪ್ರಯೋಗವನ್ನು ಅವಳಿಂದ ಮತ್ತೊಂದು ದಿನ ಮಾಡಿಸಬೇಕು.

ಪ್ರಯೋಗಾಲಯ ಸರಿಯಿಲ್ಲದ ಶಾಲೆಯಲ್ಲಿಯೂ ನಮ್ಮ ಜಿಲ್ಲೆಯ ನೀರೇ ಒಳ್ಳೆಯ ಪಾಠವಾಗುತ್ತದೆ. ಬಟ್ಟೆ ಒಗೆಯುವಾಗ ಕೊಳವೆಬಾವಿಯ ನೀರಿನಲ್ಲಿ ನೊರೆ ಬರುವುದಿಲ್ಲ ಎಂಬುದು ಹಳ್ಳಿಯ ಪ್ರತಿ ಹುಡುಗಿಗೂ ಗೊತ್ತು. ಅದನ್ನೇ ಅಳತೆಗೆ ತರಬೇಕು. ಸಾಬೂನಿನ ತುರಿಯನ್ನು ಬಿಸಿ ಮಳೆನೀರಿನಲ್ಲಿ ಕರಗಿಸಿ ತಣಿಸಿಕೊಳ್ಳಬೇಕು. ಡಿಟರ್ಜೆಂಟ್ ಪುಡಿ ಬಳಸಬಾರದು, ಏಕೆಂದರೆ ಅದು ಗಡಸು ನೀರಿನಲ್ಲಿಯೂ, ಅಂದರೆ ಲವಣಗಳು ಕರಗಿರುವುದರಿಂದ ಸಾಬೂನಿಗೆ ನೊರೆ ಬಾರದ ನೀರಿನಲ್ಲಿಯೂ, ನೊರೆ ಕೊಡುತ್ತದೆ. ಮೂರು ಪ್ರನಾಳಗಳಿಗೆ (ಟೆಸ್ಟ್ ಟ್ಯೂಬ್) ಮಳೆನೀರು, ಕೆರೆಯ ನೀರು ಮತ್ತು ಕೊಳವೆಬಾವಿಯ ನೀರನ್ನು ತಲಾ 10 ಮಿ.ಲೀ. ಹಾಕಿ, ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಸೇರಿಸುತ್ತ ಪ್ರತಿ ಸಲವೂ ಒಂದೇ ರೀತಿಯಲ್ಲಿ ಅಲುಗಿಸಿ, ನೊರೆಯು ಒಂದು ನಿಮಿಷ ನಿಲ್ಲಲು ಎಷ್ಟು ಹನಿ ಬೇಕಾಯಿತೆಂದು ಎಣಿಸಬೇಕು. ಪ್ರತಿಯೊಂದನ್ನೂ ಮೂರು ಸಲ ಮಾಡಿ ಸರಾಸರಿ ತೆಗೆಯಬೇಕು. ಆಮೇಲೆ ಕೊಳವೆಬಾವಿಯ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಸೋಸಿ ಮತ್ತೆ ಎಣಿಸಿದರೆ ಹನಿಗಳು ಕಡಿಮೆಯಾಗಬಹುದು: ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬನೇಟ್ ಕುದಿಯುವಾಗ ಕಾರ್ಬನೇಟ್ ಆಗಿ ಬೇರ್ಪಟ್ಟು, ಪಾತ್ರೆಯ ತಳದಲ್ಲಿ ಬಿಳಿ ಪೊರೆಯಾಗಿ ಕೂರುತ್ತದೆ. ಕುದಿಸಿದರೂ ಉಳಿಯುವುದು ಶಾಶ್ವತ ಗಡಸುತನ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಭಾಗದ ಅಂತರ್ಜಲದ ನಿಜವಾದ ತೊಂದರೆಯಾದ, ಹೆಚ್ಚಾದರೆ ಹಲ್ಲು ಮತ್ತು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು; ಅದನ್ನು ತಿಳಿಯಲು ಗ್ರಾಮ ಪಂಚಾಯಿತಿಯ ನೀರು ಪರೀಕ್ಷಾ ಕಿಟ್ ಅಥವಾ ಪ್ರಯೋಗಾಲಯ ಬೇಕು. ಪಂಚಾಯಿತಿಗೆ ಹೋಗಿ ಪರೀಕ್ಷೆಯ ಫಲಿತಾಂಶವನ್ನು ಕೇಳಿ ಪಡೆಯುವ ಕೆಲಸವನ್ನೂ ಹುಡುಗಿಯರಿಗೇ ವಹಿಸಿ. ಕೋಟೆಯ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿಯರ ಹೊಂಡಕ್ಕೆ ನೀರು ಇಳಿಯುವ ಬಗೆಯನ್ನೂ, ಮರಡಿಹಳ್ಳಿಯ ದಿಂಬುಲಾವಾ ಬಂಡೆಗಳನ್ನೂ (ನೀರಿನಡಿ ಲಾವಾ ದಿಂಬಿನಾಕಾರದಲ್ಲಿ ಗಟ್ಟಿಯಾಗಿ ಆದ ಬಂಡೆಗಳು) ಇದೇ ರೀತಿ ಅಧ್ಯಯನದ ವಸ್ತುವಾಗಿಸಬಹುದು.

ಇಂಥ ಕೆಲಸದಿಂದ ಹೊಸ ಆಲೋಚನೆಯೇನಾದರೂ ಹುಟ್ಟಿದರೆ ಅದನ್ನು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆಗೆ ಕಳಿಸಿ. ಆಯ್ಕೆಯಾದವರಿಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ವಿದ್ಯಾರ್ಥಿನಿ ತಾನೇ ಅರ್ಜಿ ಹಾಕುವಂತಿಲ್ಲ, ಶಾಲೆಯೇ ಹೆಸರು ನೋಂದಾಯಿಸಬೇಕು. ಆದ್ದರಿಂದ ತಾಯ್ತಂದೆಯರು ಮುಖ್ಯ ಶಿಕ್ಷಕರನ್ನು ಕಂಡು ಕೇಳಬೇಕು. 8ನೇ ತರಗತಿಯಲ್ಲಿ ತಪ್ಪಿಸಿಕೊಳ್ಳಬಾರದ ಪರೀಕ್ಷೆ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ, ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳು ಇದನ್ನು ಬರೆಯಬಹುದು. ಆಯ್ಕೆಯಾದವರಿಗೆ 9ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಪ್ರತಿ ವರ್ಷ ನವೀಕರಣ ಮಾಡಿಸುವುದನ್ನು ಮರೆತರೆ ಹಣ ನಿಲ್ಲುತ್ತದೆ. ಆಧಾರ್, ಬ್ಯಾಂಕ್ ಖಾತೆ ಮತ್ತು ಶಾಲಾ ದಾಖಲೆಯಲ್ಲಿ ಹುಡುಗಿಯ ಹೆಸರು ಅಕ್ಷರಶಃ ಒಂದೇ ಆಗಿರುವಂತೆ 8ನೇ ತರಗತಿಯಲ್ಲೇ ಸರಿಪಡಿಸಿಡಿ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದ್ದು, ಅಲ್ಲಿ ಪ್ರಯೋಗಗಳ ಮೂಲಕ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರ ನಡೆಯುತ್ತಿದೆ. ನಿಮ್ಮ ಶಾಲೆಯ ಶಿಕ್ಷಕರಿಗೆ ಅಲ್ಲಿಗೆ ಹೋಗಿಬರಲು ಅನುವು ಮಾಡಿಕೊಡುವಂತೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒತ್ತಾಯಿಸಬಹುದು.

ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ಎರಡು ತಿಂಗಳು ಎಲ್ಲಕ್ಕಿಂತ ಸೂಕ್ಷ್ಮವಾದ ಅವಧಿ. ಮದುವೆಯ ಮಾತು ಮನೆಯೊಳಗೆ ಬರುವುದು ಆಗಲೇ. 18 ವರ್ಷ ತುಂಬದ ಹುಡುಗಿಯ ಮದುವೆ ಅಪರಾಧ. ಅಂಥ ಸುಳಿವು ಸಿಕ್ಕಿದ ಶಿಕ್ಷಕರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂಜರಿಯಬಾರದು. ಪಿಯುಸಿಗೆ ಸೇರುವವರು ಗಣಿತ ಕಷ್ಟವೆಂದು ಅದನ್ನು ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಗಣಿತವಿಲ್ಲದೆ ಎಂಜಿನಿಯರಿಂಗ್ ಬಾಗಿಲು ಮುಚ್ಚಿಹೋಗುತ್ತದೆ. ಬೇಗ ದುಡಿಮೆ ಬೇಕಾದ ಮನೆಯವರು ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ ಆರಿಸಬಹುದು. ಅಲ್ಲಿಂದ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರಲು ದಾರಿಯಿದೆ. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರಿದ ಹುಡುಗಿಯರು ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಪ್ರಗತಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು: ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ, ಕುಟುಂಬದ ಆದಾಯದ ಮಿತಿ 8 ಲಕ್ಷ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಎಂಜಿನಿಯರಿಂಗ್‌ನಂಥ ಕೋರ್ಸುಗಳ ರಾಜ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಮೀಸಲಾತಿ ಇರುವುದರಿಂದ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಖ್ಯ ಶಿಕ್ಷಕರ ಸಹಿಯನ್ನೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯನ್ನೂ ಟಿ.ಸಿ. ಪಡೆಯುವ ಹೊತ್ತಿಗೇ ಹಾಕಿಸಿಕೊಳ್ಳಿ.

ಶುಲ್ಕ ಕಟ್ಟುವ ಮೊದಲು ಮಗಳನ್ನು ಕರೆದುಕೊಂಡು ಕಾಲೇಜಿಗೆ ಹೋಗಿ, ಪ್ರಯೋಗಾಲಯದ ಬಾಗಿಲು ತೆಗೆಸಿ ನೋಡಿ. ಪ್ರಾಯೋಗಿಕ ತರಗತಿ ಯಾವ ದಿನ, ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿದರೂ ಊರಿಗೆ ಕೊನೆಯ ಬಸ್ಸು ಅದಕ್ಕಿಂತ ಮೊದಲೇ ಹೊರಡುವುದಾದರೆ, ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಕ್ಕೆ ಅದೇ ವಾರ ಅರ್ಜಿ ಹಾಕಿ.