ಗಾರ್ಡನ್ ಟ್ರ್ಯಾಕ್ಟರ್ ಚಾರ್ಜ್ ಆಗುತ್ತಿಲ್ಲವೇ? ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಮೀಟರ್ ಹಿಡಿಯಿರಿ

ಬೆಂಗಳೂರಿನ ಬಡಾವಣೆಗಳ ಪಾರ್ಕು, ಅಪಾರ್ಟ್‌ಮೆಂಟ್ ಹುಲ್ಲುಹಾಸು, ದೇವನಹಳ್ಳಿ ಕಡೆಯ ತೋಟದ ಮನೆಗಳಲ್ಲಿರುವ ಗಾರ್ಡನ್ ಟ್ರ್ಯಾಕ್ಟರ್‌ಗಳಿಗೆ ಮಳೆಗಾಲದಲ್ಲಿ ಪುರುಸೊತ್ತಿಲ್ಲ. ಬೇಸಿಗೆಯಲ್ಲಿ ನೀರಿಲ್ಲದೆ ಹುಲ್ಲು ಒಣಗಿದಾಗ ಅವು ಶೆಡ್ಡು ಸೇರುತ್ತವೆ. ಮುಂಗಾರು ಶುರುವಾದ ಮೇಲೆ ಕೀ ತಿರುಗಿಸಿದರೆ ಸೆಲ್ಫ್ ಬರೀ ‘ಟಕ್’ ಎನ್ನುತ್ತದೆ. ಬ್ಯಾಟರಿ ಹೋಯಿತೆಂದು ಹೊಸದು ತಂದು ಹಾಕುವವರೇ ಹೆಚ್ಚು. ಚಾರ್ಜಿಂಗ್‌ನಲ್ಲೇ ದೋಷವಿದ್ದರೆ ಆ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಮಲಗುತ್ತದೆ.

ಪೆಟ್ರೋಲ್ ಎಂಜಿನ್ನಿನ ಗಾಡಿಯಲ್ಲಿ ಈ ವ್ಯವಸ್ಥೆ ಸರಳ. ಫ್ಲೈವೀಲ್ ಒಳಗೆ ಆಯಸ್ಕಾಂತಗಳಿರುತ್ತವೆ, ಅದರಡಿ ಸ್ಟೇಟರ್ ಕಾಯಿಲ್. ಎಂಜಿನ್ ತಿರುಗಿದಾಗ ಕಾಯಿಲ್‌ನಲ್ಲಿ ಎಸಿ ಕರೆಂಟ್ ಹುಟ್ಟುತ್ತದೆ. ರೆಗ್ಯುಲೇಟರ್ ಅದನ್ನು ಡಿಸಿ ಮಾಡಿ, ಸುಮಾರು 14 ವೋಲ್ಟ್‌ಗೆ ಹಿಡಿದು ಬ್ಯಾಟರಿಗೆ ಕಳಿಸುತ್ತದೆ. ತೊಂದರೆ ಈ ದಾರಿಯಲ್ಲೇ ಎಲ್ಲೋ ಇರುತ್ತದೆ.

ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಸ್ಪ್ಯಾನರ್, ವೈರ್ ಬ್ರಷ್, ಉಪ್ಪುಕಾಗದ ಸಾಕು. ಗಾಡಿಯನ್ನು ಬಯಲಿಗೆ ತನ್ನಿ. ಬೇಸ್‌ಮೆಂಟ್‌ನಲ್ಲಿ ಎಂಜಿನ್ ಓಡಿಸಿದರೆ ಹೊಗೆಯೇ ಪ್ರಾಣಕ್ಕೆ ಕುತ್ತು. ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಡಿ, ಬ್ಲೇಡ್ ಆಫ್ ಇರಲಿ.

ಮೊದಲು ಬ್ಯಾಟರಿ

ಒಂದು ರಾತ್ರಿ ಸುಮ್ಮನಿದ್ದ ಬ್ಯಾಟರಿಯನ್ನು ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಎಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ನೀರು ಹಾಕುವ ಬ್ಯಾಟರಿಯಾದರೆ ಪ್ಲೇಟ್ ಮುಳುಗುವಷ್ಟಿದೆಯೇ ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಬೋರ್‌ವೆಲ್ ನೀರಿನ ಗಡಸಿಗೆ ಪ್ಲೇಟ್‌ಗಳು ಬೇಗ ಹಾಳಾಗುತ್ತವೆ. ಹೊರಗಿನ ಚಾರ್ಜರ್‌ನಿಂದ ಪೂರ್ತಿ ಚಾರ್ಜ್ ಮಾಡಿದ ಮೇಲೆ ಸೆಲ್ಫ್ ಹೊಡೆಯುತ್ತಾ ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮುಗಿದಿದೆ. ಖಾಲಿ ಬ್ಯಾಟರಿ ಇಟ್ಟುಕೊಂಡು ಮುಂದಿನ ಪರೀಕ್ಷೆ ಮಾಡಬೇಡಿ. ಅದು ವೋಲ್ಟೇಜನ್ನು ಕೆಳಗೆಳೆದು, ಸರಿಯಿರುವ ರೆಗ್ಯುಲೇಟರೂ ಕೆಟ್ಟಂತೆ ಕಾಣುತ್ತದೆ.

ಎಂಜಿನ್ ಓಡುವಾಗ

ಎಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಮೀಟರ್ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ 13.8ರಿಂದ 14.5ರ ನಡುವೆ ನಿಲ್ಲಬೇಕು. 12.5ರಲ್ಲೇ ನಿಂತು ನಿಧಾನಕ್ಕೆ ಇಳಿಯುತ್ತಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಬಹುಮಟ್ಟಿಗೆ ರೆಗ್ಯುಲೇಟರ್‌ದೇ ತಪ್ಪು. ಹಾಗೇ ಓಡಿಸಿದರೆ ಆಸಿಡ್ ಕುದಿದು ಬ್ಯಾಟರಿ ಉಬ್ಬುತ್ತದೆ.

ತಂತಿ, ಫ್ಯೂಸ್, ಅರ್ಥ್

ಹೆಚ್ಚಿನ ದೋಷಗಳು ಅಡಗಿರುವುದು ಇಲ್ಲೇ, ಆದ್ದರಿಂದ ಅವಸರ ಬೇಡ. ಫ್ಯೂಸ್ ಸುಟ್ಟಿಲ್ಲವೆಂದು ಮುಂದೆ ಹೋಗದೆ ಹೋಲ್ಡರ್‌ನಿಂದ ಕಿತ್ತು ನೋಡಿ. ಫ್ಯೂಸ್ ತಂತಿ ಚೆನ್ನಾಗೇ ಇದ್ದು, ಅದರ ಕಾಲು ಕಂದು ಬಣ್ಣಕ್ಕೆ ತಿರುಗಿ, ಹೋಲ್ಡರ್ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕರಗಿದ್ದರೆ ಅಲ್ಲಿ ಸಡಿಲ ಸಂಪರ್ಕವಿದೆ. ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಎಂಜಿನ್ ಕವರ್ ಅಡಿಯ ತಂತಿಗಳನ್ನು ಬೆರಳಿನಿಂದ ಸವರಿ ನೋಡಿ. ಒಣಹುಲ್ಲಿನಲ್ಲಿ ಗೂಡು ಕಟ್ಟುವ ಇಲಿ ತಂತಿಯನ್ನೂ ಕಡಿಯುತ್ತದೆ.

ಇನ್ನು ರೆಗ್ಯುಲೇಟರ್ ಅರ್ಥ್. ಎಂಜಿನ್ ಪಕ್ಕ ಎರಡು ಸ್ಕ್ರೂನಲ್ಲಿ ಕೂತಿರುವ ಅಲ್ಯೂಮಿನಿಯಂ ತುಂಡಿನ ಮೈಯೇ ಬಹಳಷ್ಟು ಮಾಡೆಲ್‌ಗಳಲ್ಲಿ ಅದರ ನೆಗೆಟಿವ್. ಅಡಿಯಲ್ಲಿ ಬಣ್ಣವೋ ತುಕ್ಕೋ ಇದ್ದರೆ ಹೊಚ್ಚಹೊಸ ರೆಗ್ಯುಲೇಟರ್ ಕೂಡ ಕೆಲಸ ಮಾಡದು. ಎಂಜಿನ್ ಓಡುವಾಗ ಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ರೆಗ್ಯುಲೇಟರ್ ಮೈಗೆ ಹಿಡಿಯಿರಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿಯಿರಿ. ಹಾಗೇ ರೆಗ್ಯುಲೇಟರಿನ ಡಿಸಿ ತಂತಿಗೂ ಬ್ಯಾಟರಿ ಪಾಸಿಟಿವ್‌ಗೂ ನಡುವೆ ಅಳೆಯಿರಿ. ಅರ್ಧ ವೋಲ್ಟ್ ಮೀರಿದರೆ ಫ್ಯೂಸ್ ಹೋಲ್ಡರ್, ಕನೆಕ್ಟರ್ ಅಥವಾ ಕೀ ಸ್ವಿಚ್ ಮೇಲೆ ಅನುಮಾನ. ಕೆಲವು ಗಾಡಿಗಳಲ್ಲಿ ಚಾರ್ಜಿಂಗ್ ಕರೆಂಟ್ ಕೀ ಸ್ವಿಚ್ ಮೂಲಕವೇ ಹೋಗುತ್ತದೆ. ಮಳೆಯಲ್ಲಿ ನೆನೆದ ಸ್ವಿಚ್ಚಿನ ಒಳಗೆ ಕಿಲುಬು ಕಟ್ಟಿರುತ್ತದೆ.

ಸ್ಟೇಟರೋ ರೆಗ್ಯುಲೇಟರೋ?

ಎಂಜಿನ್ ನಿಲ್ಲಿಸಿ ರೆಗ್ಯುಲೇಟರ್ ಪ್ಲಗ್ ಕಳಚಿ. ಸ್ಟೇಟರ್‌ನಿಂದ ಬರುವ ಎರಡು ತಂತಿಗಳು ಸಾಮಾನ್ಯವಾಗಿ ಒಂದೇ ಬಣ್ಣದವು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಎಂಜಿನ್ ಓಡಿಸಿ, ಆ ಎರಡರ ನಡುವೆ ಅಳೆಯಿರಿ. 15 ಆಂಪಿಯರ್ ವ್ಯವಸ್ಥೆಯಲ್ಲಿ 3600 ಆರ್‌ಪಿಎಂಗೆ 28 ವೋಲ್ಟ್ ಆಸುಪಾಸು ಅಥವಾ ಹೆಚ್ಚು ಬರಬೇಕು. ನಿಮ್ಮ ಎಂಜಿನ್ನಿನ ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತದೆ. ಸಣ್ಣ ಎಂಜಿನ್ ಕೆಲವಕ್ಕೆ ರೆಗ್ಯುಲೇಟರೇ ಇರದೆ ತಂತಿಯಲ್ಲೊಂದು ಡಯೋಡ್ ಇರುತ್ತದೆ. ಅವಕ್ಕೆ ಈ ಲೆಕ್ಕ ಹೊಂದದು.

ಎಸಿ ಸರಿಯಾಗಿ ಬಂದು, ಅರ್ಥ್ ಮತ್ತು ತಂತಿ ಚೆನ್ನಾಗಿದ್ದೂ ಚಾರ್ಜ್ ಆಗದಿದ್ದರೆ ರೆಗ್ಯುಲೇಟರ್ ಬದಲಿಸಿ. ಜೆ.ಸಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ ಬೈಕಿನ ರೆಗ್ಯುಲೇಟರ್ ಜೋಡಿಸುವುದು ಬೇಡ. ಎಷ್ಟೋ ಬೈಕುಗಳದ್ದು ಮೂರು ತಂತಿಯ ಸ್ಟೇಟರ್, ಆಂಪಿಯರೂ ಬೇರೆ.

ಎಸಿ ಬರದಿದ್ದರೆ ಎಂಜಿನ್ ಆಫ್ ಮಾಡಿ ಓಮ್ಸ್‌ಗೆ ತಿರುಗಿಸಿ. ಎರಡು ತಂತಿಗಳ ನಡುವೆ ಒಂದು ಓಮ್‌ಗಿಂತ ಕಡಿಮೆ ಇರಬೇಕು; ತಂತಿಗೂ ಎಂಜಿನ್ ಮೈಗೂ ಸಂಪರ್ಕವೇ ತೋರಬಾರದು. ತೋರಿದರೆ ಕಾಯಿಲ್ ಶಾರ್ಟ್. ಅದನ್ನು ತೆಗೆಯಲು ಫ್ಲೈವೀಲ್ ಬಿಚ್ಚಬೇಕು, ಅದಕ್ಕೆ ಪುಲ್ಲರ್ ಬೇಕು. ಸುತ್ತಿಗೆಯಿಂದ ಹೊಡೆದರೆ ಆಯಸ್ಕಾಂತ ಕಿತ್ತುಬರುತ್ತದೆ, ಕ್ರ್ಯಾಂಕ್‌ಗೂ ಪೆಟ್ಟು. ಈ ಹಂತಕ್ಕೆ ಮೆಕ್ಯಾನಿಕ್ ಕೈಗೆ ಕೊಡುವುದೇ ಮೇಲು.

ಆಲ್ಟರ್ನೇಟರ್ ಇರುವ ಡೀಸೆಲ್ ಮಿನಿ ಟ್ರ್ಯಾಕ್ಟರ್ ಆದರೆ ಮೊದಲು ಬೆಲ್ಟ್ ನೋಡಿ. ಹೆಬ್ಬೆರಳಲ್ಲಿ ಒತ್ತಿದಾಗ 10–12 ಮಿ.ಮೀ. ತಗ್ಗಿದರೆ ಸರಿ. ಕೀ ಆನ್ ಮಾಡಿದಾಗ ಚಾರ್ಜ್ ದೀಪ ಹತ್ತದಿದ್ದರೆ ಬಲ್ಬ್ ಬದಲಿಸಿ, ಹಲವು ಆಲ್ಟರ್ನೇಟರ್‌ಗಳಿಗೆ ಎಚ್ಚರವಾಗಲು ಆ ಬಲ್ಬಿನ ಕರೆಂಟೇ ಬೇಕು.

ನಿಂತಲ್ಲೇ ಇಳಿಯುವ ಬ್ಯಾಟರಿ

ಓಡುವಾಗ ಎಲ್ಲ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ಕೀ ಆಫ್ ಮಾಡಿ, ನೆಗೆಟಿವ್ ಕೇಬಲ್ ಕಳಚಿ, ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಸೇರಿಸಿ. ಸೊನ್ನೆಗೆ ಹತ್ತಿರವಿರಬೇಕು. 50 ಮಿಲಿಆಂಪಿಯರ್ ಸೋರಿದರೂ ದಿನಕ್ಕೆ 1.2 ಆಂಪಿಯರ್-ಅವರ್ ಹೋಗುತ್ತದೆ, 28 ಆಂಪಿಯರ್-ಅವರ್‌ನ ಬ್ಯಾಟರಿ ಮೂರು ವಾರದಲ್ಲಿ ಖಾಲಿ. ರೆಗ್ಯುಲೇಟರ್ ಪ್ಲಗ್ ಎಳೆದಾಗ ಸೋರಿಕೆ ನಿಂತರೆ ಒಳಗಿನ ಡಯೋಡ್ ಕೆಟ್ಟಿದೆ. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯಬಾರದು, ಮೀಟರ್ ಸುಟ್ಟುಹೋಗುತ್ತದೆ.

ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಟೆಸ್ಟ್’ ಮಾಡುವ ಹಳೆಯ ಅಭ್ಯಾಸ ಬಿಡಿ. ಏರಿದ ವೋಲ್ಟೇಜಿಗೆ ರೆಗ್ಯುಲೇಟರ್ ಅಲ್ಲೇ ಹೋಗಬಹುದು. ಜಂಪರ್ ಕೇಬಲ್ ಉಲ್ಟಾ ಹಾಕಿದರೂ, ಬ್ಯಾಟರಿ ಮತ್ತು ರೆಗ್ಯುಲೇಟರ್ ಕಳಚದೆ ಗಾಡಿಗೆ ವೆಲ್ಡಿಂಗ್ ಮಾಡಿಸಿದರೂ ಅದೇ ಗತಿ. ಬೇಸಿಗೆಯಲ್ಲಿ ಗಾಡಿ ನಿಲ್ಲಿಸುವಾಗ ನೆಗೆಟಿವ್ ಕಳಚಿಟ್ಟು, ತಿಂಗಳಿಗೊಮ್ಮೆ 2–3 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿಸಿ, ಟರ್ಮಿನಲ್‌ಗೆ ತೆಳುವಾಗಿ ವ್ಯಾಸಲಿನ್ ಹಚ್ಚಿಡಿ.