ನೆಬ್ರಾಸ್ಕಾದಲ್ಲಿ ಕೋಚ್ ಬಗ್ಗೆ ಮಾತು ಬಂದಾಗ: ಹೊಸದಾಗಿ ಬಂದ ಕನ್ನಡಿಗರಿಗೆ

ಒಮಾಹಾ ಅಥವಾ ಲಿಂಕನ್‌ಗೆ ಕೆಲಸಕ್ಕೋ ಓದಿಗೋ ಬರುವ ಕನ್ನಡಿಗರಿಗೆ ಮನೆ, ಕಾರು, ಚಳಿಗಾಲದ ಬಟ್ಟೆಗಳ ಬಗ್ಗೆ ತಿಳಿಸಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ ಕಚೇರಿಯಲ್ಲಿ, ಕ್ಷೌರದಂಗಡಿಯಲ್ಲಿ, ಮಕ್ಕಳ ಶಾಲೆಯ ಗೇಟಿನ ಮುಂದೆ ಬಿಡುವಿಲ್ಲದೆ ನಡೆಯುವ ಒಂದು ಚರ್ಚೆಯ ಬಗ್ಗೆ ಅವರು ಹೇಳುವುದು ಕಡಿಮೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡವಾದ ಹಸ್ಕರ್ಸ್‌ಗೆ ಯಾರು ಕೋಚ್ ಆಗಬೇಕು, ತಂಡ ಯಾವ ಬಗೆಯ ಆಟ ಆಡಬೇಕು ಎಂಬುದೇ ಆ ಚರ್ಚೆ. ಅಮೆರಿಕದ ದೊಡ್ಡ ವೃತ್ತಿಪರ ಲೀಗುಗಳ ತಂಡ ಒಂದೂ ಇಲ್ಲದ ಈ ರಾಜ್ಯದಲ್ಲಿ, ಸುಮಾರು ಇಪ್ಪತ್ತು ಲಕ್ಷ ಜನರ ಅಭಿಮಾನವೆಲ್ಲ ಈ ಒಂದೇ ತಂಡದ ಮೇಲೆ ನಿಂತಿದೆ. ಲಿಂಕನ್‌ನ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರ ನವೆಂಬರ್‌ನಿಂದ ಇಂದಿನವರೆಗೆ ಟಿಕೆಟ್‌ಗಳೆಲ್ಲ ಮಾರಾಟವಾಗುತ್ತಲೇ ಬಂದಿವೆ ಎಂಬುದು ಅಧಿಕೃತ ಲೆಕ್ಕ. ತಂಡ ಸೋಲುತ್ತಿದ್ದ ವರ್ಷಗಳಲ್ಲೂ ಆ ಸರಣಿ ತಪ್ಪಿಲ್ಲ.

ಆಟದ ನಿಯಮಗಳನ್ನು ಕಲಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನಾಲ್ಕು ಪ್ರಯತ್ನಗಳಲ್ಲಿ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು. ಒಯ್ದರೆ ಮತ್ತೆ ನಾಲ್ಕು ಪ್ರಯತ್ನಗಳು ದೊರೆಯುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಚೆಂಡನ್ನು ಹಿಡಿದು ಓಡಬಹುದು ಅಥವಾ ಮುಂದಕ್ಕೆ ಎಸೆಯಬಹುದು. ಇವೆರಡರಲ್ಲಿ ಯಾವುದನ್ನು, ಯಾವಾಗ, ಎಷ್ಟು ಮಾಡಬೇಕು ಎಂಬಲ್ಲಿಯೇ ಜಗಳವೆಲ್ಲ ಇದೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಮೈದಾನದೊಳಗಿನ ನಿರ್ಧಾರಗಳು ನಾಯಕನವು ಎಂಬುದು ರೂಢಿಯಾಗಿಬಿಟ್ಟಿದೆ. ಇಲ್ಲಿ ಹಾಗಲ್ಲ, ಬಹುತೇಕ ಪ್ರತಿಯೊಂದು ಪ್ರಯತ್ನದಲ್ಲಿ ಏನು ಮಾಡಬೇಕೆಂಬುದನ್ನು ಗೆರೆಯಾಚೆ ನಿಂತ ಕೋಚ್ ಅಥವಾ ಅವರ ಕೈಕೆಳಗೆ ಅಫೆನ್ಸ್, ಅಂದರೆ ಆಕ್ರಮಣದ ಆಟ, ನೋಡಿಕೊಳ್ಳುವ ಅಫೆನ್ಸಿವ್ ಕೋಆರ್ಡಿನೇಟರ್ ಹೇಳಿ ಕಳುಹಿಸುತ್ತಾರೆ. ಆದ್ದರಿಂದ ಇಲ್ಲಿಯವರು ಕೋಚ್‌ನ ಹೆಸರು ಹಿಡಿದು ವಾದಿಸುವಾಗ ನಿಜವಾಗಿ ವಾದಿಸುತ್ತಿರುವುದು ಆಟದ ಬಗೆಯ ಕುರಿತು. ಇದೊಂದು ಮನಸ್ಸಿನಲ್ಲಿದ್ದರೆ ಆಟಗಾರರ ಹೆಸರುಗಳು ಗೊತ್ತಿಲ್ಲದಿದ್ದರೂ ನೀವು ಮಾತನ್ನು ಹಿಂಬಾಲಿಸಬಲ್ಲಿರಿ.

ಹಿರಿಯರ ಬಾಯಲ್ಲಿ ಮೊದಲು ಬರುವ ಹೆಸರು ಟಾಮ್ ಆಸ್ಬಾರ್ನ್. 1973ರಿಂದ 1997ರವರೆಗೆ ಇಪ್ಪತ್ತೈದು ಋತುಗಳ ಕಾಲ ಕೋಚ್ ಆಗಿದ್ದ ಅವರ ತಂಡ ಯಾವ ವರ್ಷವೂ ಒಂಬತ್ತಕ್ಕಿಂತ ಕಡಿಮೆ ಪಂದ್ಯ ಗೆದ್ದದ್ದಿಲ್ಲ. 1994, 1995 ಮತ್ತು 1997ರಲ್ಲಿ ರಾಷ್ಟ್ರೀಯ ಪಟ್ಟವೂ ಬಂತು. ಆ ಗೆಲುವುಗಳ ಬೆನ್ನೆಲುಬು ಆಪ್ಷನ್ ಎಂಬ ಆಟ. ಅದನ್ನು ಒಮ್ಮೆ ಸಾವಧಾನವಾಗಿ ನೋಡುವುದು ಒಳ್ಳೆಯದು. ಚೆಂಡು ಕೈಗೆ ಬಂದೊಡನೆ ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ಆಟ ನಡೆಸುವವನು, ಅದನ್ನು ತನ್ನ ಹಿಂದಿನಿಂದ ನುಗ್ಗಿ ಬರುವ ಫುಲ್‌ಬ್ಯಾಕ್ ಎಂಬ ಓಟಗಾರನ ಹೊಟ್ಟೆಯ ಬಳಿ ಹಿಡಿಯುತ್ತಾನೆ. ಎದುರಾಳಿ ಸಾಲಿನ ಒಬ್ಬನನ್ನು ಬೇಕೆಂದೇ ಯಾರೂ ತಡೆಯದೆ ಬಿಟ್ಟಿರುತ್ತಾರೆ. ಆತ ಫುಲ್‌ಬ್ಯಾಕ್‌ನ ಮೇಲೆ ಎರಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಂದಕ್ಕೆಳೆದುಕೊಂಡು ಅಂಚಿನತ್ತ ಓಡುತ್ತಾನೆ; ಅಲ್ಲಿ ಇನ್ನೊಬ್ಬ ಅಡ್ಡ ಬಂದರೆ, ಪಕ್ಕದಲ್ಲೇ ಜೊತೆಯಾಗಿ ಓಡುತ್ತಿರುವ ಟೇಲ್‌ಬ್ಯಾಕ್ ಎಂಬ ಇನ್ನೊಬ್ಬ ಓಟಗಾರನಿಗೆ ಚೆಂಡನ್ನು ಎಸೆದುಬಿಡುತ್ತಾನೆ. ತಡೆಯಲು ಬಂದವನು ಯಾವ ದಾರಿ ಹಿಡಿದರೂ ಅದೇ ತಪ್ಪು ದಾರಿಯಾಗುವಂತೆ ಹೆಣೆದ ಆಟವಿದು. 1995ರ ಋತುವಿನ ಕೊನೆಯ ಪಂದ್ಯದಲ್ಲಿ, ಟಾಮಿ ಫ್ರೇಜಿಯರ್ ಕ್ವಾರ್ಟರ್‌ಬ್ಯಾಕ್ ಆಗಿದ್ದ ತಂಡ ಫ್ಲೋರಿಡಾವನ್ನು 62-24ರಿಂದ ಸೋಲಿಸಿತು.

ಆ ಆಟ ಈ ನೆಲಕ್ಕೆ ಒಗ್ಗಿದ್ದಕ್ಕೂ ಕಾರಣಗಳಿವೆ. ಎಸೆತದ ಆಟಕ್ಕೆ ಬೇಕಾದ ಚುರುಕಿನ ಹುಡುಗರು ಟೆಕ್ಸಾಸ್, ಫ್ಲೋರಿಡಾ, ಕ್ಯಾಲಿಫೋರ್ನಿಯಾಗಳಲ್ಲಿ ಸಿಗುವಷ್ಟು ಇಲ್ಲಿ ಸಿಗುವುದಿಲ್ಲ, ನವೆಂಬರ್‌ನ ಬಯಲುಗಾಳಿಯಲ್ಲಿ ಎಸೆತ ಗುರಿ ತಪ್ಪುತ್ತದೆ. ಆದರೆ ಸಣ್ಣ ಊರುಗಳ, ಹೊಲಗದ್ದೆಗಳಲ್ಲಿ ಬೆಳೆದ ದೊಡ್ಡ ಮೈಕಟ್ಟಿನ ಹುಡುಗರು ವಿದ್ಯಾರ್ಥಿವೇತನವಿಲ್ಲದೆಯೇ ವಾಕ್-ಆನ್ ಆಗಿ ತಂಡ ಸೇರಿ, ವರ್ಷಗಟ್ಟಲೆ ಭಾರ ಎತ್ತಿ, ಮುಂಚೂಣಿಯ ಸಾಲಿನಲ್ಲಿ ನಿಲ್ಲುತ್ತಿದ್ದರು. ಈ ತಂಡವನ್ನು ತಮ್ಮ ಮನೆಯದೆಂದು ಜನ ಭಾವಿಸುವುದಕ್ಕೆ ಈ ಪದ್ಧತಿಯೇ ಬಹುಮಟ್ಟಿಗೆ ಕಾರಣವೆಂದು ನನಗೆ ತೋರುತ್ತದೆ.

2003 ಎಂಬ ಇಸವಿಯನ್ನು ಹೊಸಬರು ನೆನಪಿಟ್ಟುಕೊಳ್ಳಲೇಬೇಕು. ಆಸ್ಬಾರ್ನ್ ಅವರ ಉತ್ತರಾಧಿಕಾರಿ ಫ್ರಾಂಕ್ ಸೋಲಿಚ್ ಆ ವರ್ಷ ಒಂಬತ್ತು ಗೆದ್ದು ಮೂರು ಸೋತಿದ್ದಾಗಲೇ ಅವರನ್ನು ತೆಗೆದುಹಾಕಲಾಯಿತು. ಅವರ ಜಾಗಕ್ಕೆ ಬಂದ ಬಿಲ್ ಕ್ಯಾಲಹನ್, ಓಕ್ಲ್ಯಾಂಡ್ ರೇಡರ್ಸ್ ಎಂಬ ವೃತ್ತಿಪರ ತಂಡದಿಂದ ಬಂದವರು, ಆಪ್ಷನ್ ಬಿಟ್ಟು ವೆಸ್ಟ್ ಕೋಸ್ಟ್ ಅಫೆನ್ಸ್ ಎಂಬ, ಲೆಕ್ಕ ಹಾಕಿದ ಚಿಕ್ಕ ಎಸೆತಗಳ ಆಟವನ್ನು ತಂದರು. 2004ರಲ್ಲಿ ತಂಡ ಐದು ಗೆದ್ದು ಆರು ಸೋತಿತು. 1961ರ ನಂತರ ಗೆಲುವಿಗಿಂತ ಸೋಲು ಹೆಚ್ಚಾದ ಮೊದಲ ವರ್ಷ ಅದು. ಒಂಬತ್ತು ಗೆಲುವು ಸಾಲದೆಂದು ಒಬ್ಬ ಕೋಚ್‌ನನ್ನು ಕಳುಹಿಸಿದ್ದು ಸರಿಯೇ ಎಂಬ ಪ್ರಶ್ನೆ ಇಂದಿಗೂ ತೀರ್ಮಾನವಾಗಿಲ್ಲ, ಏಕೆಂದರೆ 2014ರಲ್ಲಿ ಬೋ ಪೆಲಿನಿ ಅವರನ್ನು ತೆಗೆದಾಗಲೂ ಲೆಕ್ಕ ಅದೇ ಒಂಬತ್ತು-ಮೂರು ಆಗಿತ್ತು. ಅವರ ನಂತರ ಬಂದ ಮೈಕ್ ರೈಲಿ ಮೂರು ವರ್ಷ ಇದ್ದು ಹೋದರು.

ಆಮೇಲೆ ಬಂದವರು 1997ರ ಪಟ್ಟ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್, ಈ ಮಣ್ಣಿನ ಮಗ ಸ್ಕಾಟ್ ಫ್ರಾಸ್ಟ್. ಇವರ ಬಗ್ಗೆ ಮಾತನಾಡುವಾಗ ತುಸು ಮೃದುವಾಗಿರಿ, ಜನರಿಗೆ ಆ ನೋವು ಇನ್ನೂ ಹಸಿಯಾಗಿದೆ. ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ಬಿಡುವಿಲ್ಲದ ವೇಗದಲ್ಲಿ ಆಡಿಸುವ ಸ್ಪ್ರೆಡ್ ಆಟವನ್ನು ಅವರು ತಂದರು. 2021ರಲ್ಲಿ ತಂಡ ಒಂಬತ್ತು ಪಂದ್ಯ ಸೋತಿತು, ಒಂಬತ್ತರಲ್ಲೂ ಅಂತರ ಹತ್ತು ಅಂಕಕ್ಕಿಂತ ಕಡಿಮೆ. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಅವರನ್ನು ಕಳುಹಿಸಿದಾಗ ವಿಶ್ವವಿದ್ಯಾಲಯ ಒಪ್ಪಂದದಂತೆ ಸುಮಾರು ಒಂದೂವರೆ ಕೋಟಿ ಡಾಲರ್ ತೆರಬೇಕಾಯಿತು. ಇದನ್ನೇ ಬೈಔಟ್ ಎನ್ನುತ್ತಾರೆ. ಕೋಚ್ ಬದಲಿಸಿ ಎಂದು ಯಾರಾದರೂ ಹೇಳಿದೊಡನೆ ಇನ್ನೊಬ್ಬರು ಬೈಔಟ್ ಎಷ್ಟು ಎಂದು ಕೇಳುವುದು ಇದಕ್ಕಾಗಿಯೇ. ಕೋಚ್ ಹೋದರೆ ಆಟಗಾರರೂ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಬೇರೆ ಕಾಲೇಜಿಗೆ ಹೊರಟುಬಿಡಬಹುದು ಎಂಬ ಅಳುಕೂ ಈಗ ಸೇರಿಕೊಂಡಿದೆ.

2022ರ ಕೊನೆಯಲ್ಲಿ ಮ್ಯಾಟ್ ರೂಲ್ ನೇಮಕವಾದರು. ಟೆಂಪಲ್ ಮತ್ತು ಬೇಲರ್ ವಿಶ್ವವಿದ್ಯಾಲಯಗಳ ಸೊರಗಿದ್ದ ತಂಡಗಳನ್ನು ಎತ್ತಿ ನಿಲ್ಲಿಸಿದವರು ಎಂಬ ಹೆಸರು ಅವರಿಗಿತ್ತು. 2024ರ ನವೆಂಬರ್‌ನಲ್ಲಿ ಅವರು ಅಫೆನ್ಸಿನ ಹೊಣೆಯನ್ನು ಡೇನಾ ಹಾಲ್ಗರ್ಸನ್‌ಗೆ ಒಪ್ಪಿಸಿದರು. ಏರ್ ರೇಡ್ ಎಂಬ ಎಸೆತಪ್ರಧಾನ ಪರಂಪರೆಯಲ್ಲಿ ಪಳಗಿದವರು ಅವರು. ಓಟದ ನಾಡಿನಲ್ಲಿ ಎಸೆತದವರನ್ನು ಕರೆತಂದದ್ದು ಎಂಥ ಮಾತುಗಳನ್ನು ಎಬ್ಬಿಸಿರಬಹುದೆಂದು ಇಷ್ಟು ಓದಿದ ನೀವೇ ಊಹಿಸಬಹುದು.

ನಮ್ಮ ಪಕ್ಕದ ಮನೆಯ ಹಿರಿಯರು ಶನಿವಾರ ಗ್ಯಾರೇಜಿನ ಬಾಗಿಲು ತೆರೆದು, ಟಿವಿಯ ಧ್ವನಿ ನಿಲ್ಲಿಸಿ, ರೇಡಿಯೋ ವಿವರಣೆ ಕೇಳುತ್ತ ಪಂದ್ಯ ನೋಡುತ್ತಾರೆ. ರೇಡಿಯೋ ಕೆಲವು ಕ್ಷಣ ಮುಂದಿರುವುದರಿಂದ ಫಲಿತಾಂಶ ಮೊದಲೇ ಕಿವಿಗೆ ಬೀಳುತ್ತದೆ, ಆಮೇಲೆ ಅವರು ಚಿತ್ರದಲ್ಲಿ ತಪ್ಪನ್ನು ಹುಡುಕುತ್ತಾರೆ. ಅವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಒಂದೇ ಒಂದು ಗಜ ಬೇಕಾದಾಗಲೂ ಕ್ವಾರ್ಟರ್‌ಬ್ಯಾಕ್ ಐದು ಗಜ ಹಿಂದೆ ನಿಂತು ಚೆಂಡು ಪಡೆಯುವುದು. ಮುಂಚೂಣಿಯ ಬೆನ್ನಿಗೆ ಅಂಟಿ ನಿಂತು ನುಗ್ಗಬಾರದೇ ಎಂದು ಅವರು ಕೇಳುತ್ತಾರೆ. ಹಿಂದೆ ನಿಂತರೆ ಎದುರಾಳಿ ಸಾಲನ್ನು ಓದಲು ಸಮಯ ಸಿಗುತ್ತದೆ, ಎಸೆಯುವ ಅವಕಾಶವೂ ಉಳಿಯುತ್ತದೆ, ಹಾಗಾಗಿ ಒಂದು ಗಜಕ್ಕೆಂದು ಹತ್ತು ಜನ ಒಂದೆಡೆ ಗುಂಪುಗೂಡಲಾರರು ಎಂಬುದು ಅವರ ಮಗನ ಉತ್ತರ. ನನ್ನ ಮಟ್ಟಿಗೆ ಇಬ್ಬರ ಮಾತಿನಲ್ಲೂ ಬಿಟ್ಟುಹೋಗುವುದು ಮುಂಚೂಣಿಯ ಐದು ಜನರ ಬಲ. ಆ ಸಾಲು ದುರ್ಬಲವಾದರೆ ಆಪ್ಷನ್ ಆಗಲಿ, ಏರ್ ರೇಡ್ ಆಗಲಿ ಕೈಹಿಡಿಯುವುದಿಲ್ಲ. ಅಂಥ ಸಾಲನ್ನು ಕಟ್ಟಲು ಬೇಕಾಗುವುದು ವರ್ಷಗಳ ತಾಳ್ಮೆ, ಅದು ಪದೇ ಪದೇ ಕೋಚ್ ಬದಲಿಸುವ ಕಡೆ ಸಿಗುವಂಥದ್ದಲ್ಲ.

ಇಂಥ ಮಾತಿನ ನಡುವೆ ಕುಳಿತಾಗ ಅಭಿಪ್ರಾಯ ಹೇಳುವ ಅವಸರ ಬೇಡ. ನೀವು ಚಿಕ್ಕವರಿದ್ದಾಗ ಕೋಚ್ ಯಾರಿದ್ದರು ಎಂದು ಕೇಳಿ ನೋಡಿ. ಆ ಉತ್ತರದಿಂದಲೇ ಅವರಿಗೆ ಎಂಥ ಆಟ ಬೇಕೆಂಬುದು ತಿಳಿದುಬಿಡುತ್ತದೆ. ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದು ಯಾಕೆ ಎಂಬ ಮಾತನ್ನು ಮಾತ್ರ ಆಡಬೇಡಿ.

ಥ್ಯಾಂಕ್ಸ್‌ಗಿವಿಂಗ್ ಮರುದಿನದ ಶುಕ್ರವಾರವನ್ನು ನಮ್ಮವರು ರಿಯಾಯಿತಿ ಖರೀದಿಗೆಂದು ಮೀಸಲಿಡುತ್ತಾರೆ. ಇಲ್ಲಿಯವರಿಗೆ ಅದು ಹೆಚ್ಚಾಗಿ ಅಯೋವಾ ವಿರುದ್ಧದ ಪಂದ್ಯದ ದಿನ. ಸೋಲಿಚ್, ಕ್ಯಾಲಹನ್, ಪೆಲಿನಿ, ರೈಲಿ ನಾಲ್ವರನ್ನೂ ಕಳುಹಿಸಿದ್ದು ಆ ಹಬ್ಬದ ವಾರಾಂತ್ಯದಲ್ಲಿಯೇ. ರೂಲ್ ನೇಮಕದ ಸುದ್ದಿ ಬಂದದ್ದೂ ಆಗಲೇ. ಯಾರಾದರೂ ಆ ದಿನ ಪಂದ್ಯ ನೋಡಲು ಮನೆಗೆ ಕರೆದರೆ ಖರೀದಿಯನ್ನು ಬೆಳಗಿನ ಜಾವವೇ ಮುಗಿಸಿಕೊಂಡು ಹೋಗಿ, ಪಂದ್ಯ ಮುಗಿದೊಡನೆ ಎದ್ದು ಹೊರಡಬೇಡಿ. ಮಾಂಸ ತಿನ್ನದವರು ಅದನ್ನು ಮೊದಲೇ ತಿಳಿಸಿಬಿಡಿ, ಏಕೆಂದರೆ ಮೇಜಿನ ಮೇಲೆ ರನ್ಜಾ ಎಂಬ ತಿನಿಸು ಇರುವ ಸಂಭವವಿದೆ, ಅದರೊಳಗೆ ಎಲೆಕೋಸಿನ ಜೊತೆ ದನದ ಮಾಂಸವಿರುತ್ತದೆ.